ಅವಿರೋಧವಾಗಿ ಆಯ್ಕೆಯಾದ ಇಂಜಿನಿಯರ್

ಹೊಸದಾಗಿ ಪಾಸಾದ ಇಂಜಿನಿಯರುಗಳು ವೃತ್ತಿಪರ ಸಂಘವೊಂದಕ್ಕೆ ಸದಸ್ಯರಾಗಬೇಕೇ ಬೇಡವೇ ಎಂಬ ಗಹನವಾದ ಪ್ರಶ್ನೆ ದೇಶದಲ್ಲಿ ಬೇರೆಲ್ಲಿ ಚರ್ಚೆಯಾಗುತ್ತದೋ ಗೊತ್ತಿಲ್ಲ. ಚನ್ನಪಟ್ಟಣದಲ್ಲಿ ಅದು ಚರ್ಚೆಯಾದದ್ದು ಸಿದ್ದಗಂಗಯ್ಯನವರ ಬೂಸಾ ಅಂಗಡಿಯಲ್ಲಿ, ಹಿಂಡಿ ಮೂಟೆಗಳ ಮೇಲೆ ಕುಳಿತುಕೊಂಡು. ಚರ್ಚೆಗೆ ಕೂತವರಲ್ಲಿ ಇಂಜಿನಿಯರ್ ಒಬ್ಬನೇ ಇದ್ದ. ಅವನನ್ನು ಮಾತಾಡಲು ಯಾರೂ ಬಿಡಲಿಲ್ಲ.

ಆ ಇಂಜಿನಿಯರ್ ಸಿದ್ದಗಂಗಯ್ಯನವರ ಒಬ್ಬನೇ ಮಗ ರುದ್ರಪ್ರಸಾದ್. ನಾಲ್ಕು ವರ್ಷದ ಮೆಕ್ಯಾನಿಕಲ್ ಓದನ್ನು ಅವಸರ ಮಾಡದೆ ಐದು ವರ್ಷದಲ್ಲಿ ಸಾವಕಾಶವಾಗಿ ಮುಗಿಸಿದವನು. ಲೇತ್ ಯಂತ್ರದ ಚಿತ್ರವನ್ನು ಪರೀಕ್ಷೆಯಲ್ಲಿ ಮೂರು ಸಲ ಬರೆದಿದ್ದ, ಮೂರನೆಯ ಸಲ ಅದು ಲೇತ್ ಯಂತ್ರದಂತೆಯೇ ಕಾಣುತ್ತಿತ್ತು. ಯಂತ್ರವನ್ನು ಮುಟ್ಟುವ ಯೋಗ ಮಾತ್ರ ಕೂಡಿಬಂದಿರಲಿಲ್ಲ. ಕಾಲೇಜಿನಲ್ಲಿ ಅರವತ್ತು ಜನಕ್ಕೆ ಒಂದೇ ಲೇತ್, ಅದರ ಸುತ್ತ ನಿಲ್ಲುವಾಗ ಇವನದು ಯಾವತ್ತೂ ಮೂರನೆಯ ಸಾಲು.

ಕಾಲೇಜಿನ ಕೊನೆಯ ದಿನ ಮೇಷ್ಟ್ರೊಬ್ಬರು, “ಯಾವುದಾದರೂ ವೃತ್ತಿಪರ ಸಂಘಕ್ಕೆ ಸೇರಿಕೊಳ್ಳಿ, ರೆಸ್ಯೂಮಿಗೆ ತೂಕ ಬರುತ್ತೆ” ಎಂದಿದ್ದರು. ಅದನ್ನು ರುದ್ರಪ್ರಸಾದ್ ಅಂಗಡಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಹಸುವಿಗೆ ಬೂಸಾ ಕೊಳ್ಳಲು ಬಂದಿದ್ದ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಮೊದಲು ಬಾಯಿ ಹಾಕಿದರು.

“ಸಂಘ ಅಂದ್ರೆ ವಾರ ವಾರ ಹೋಗಿ ಕೂತ್ಕೋಬೇಕು ಕಣಪ್ಪ. ನಮ್ ಹೆಂಗಸ್ರ ಸಂಘದಲ್ಲಿ ಹೋಗದೆ ಇದ್ರೆ ಮುಖಕ್ಕೇ ಬಯ್ತಾರೆ.”

“ತೂಕ ಬತ್ತದೆ ಅಂದ್ರಂತಲ್ಲ ಮೇಷ್ಟ್ರು? ಸೇರ್ಕೊಳ್ಲಿ ಬುಡಮ್ಮ,” ಎಂದರು ಸಿದ್ದಗಂಗಯ್ಯ. ತೂಕದ ವಿಷಯದಲ್ಲಿ ಅವರ ಮಾತೇ ಕೊನೆ. ಆಮೇಲೆ ಮಗನ ಕಡೆ ತಿರುಗಿ, ಊರಿಗೆಲ್ಲ ಕೇಳುವಂತೆ ಗಡುವು ಹಾಕಿದರು. “ನೋಡ್ಲಾ, ಆಯುಧಪೂಜೆ ಗಂಟ ಟೈಮ್ ಕೊಟ್ಟಿವ್ನಿ. ಅಷ್ಟ್ರೊಳಗೆ ಯಾವ್ದಾರ ಫ್ಯಾಕ್ಟ್ರೀಲಿ ನಿನ್ ಮಿಷಿನ್‌ಗೆ ನೀನು ಕುಂಕುಮ ಇಕ್ಕಿ ನಂಗೆ ಫೋಟೋ ಕಳಿಸ್ಬೇಕು. ಇಲ್ಲಾಂದ್ರೆ ಬಂದು ಈ ತಕ್ಕಡಿಗೆ ಇಕ್ಕು. ಅಷ್ಟೇಯ.”

ರುದ್ರಪ್ರಸಾದನಿಗೆ ಬೂಸಾದ ಧೂಳಿಗೆ ಸೀನು ಬರುತ್ತಿತ್ತು. ಅವನ ಇಡೀ ಬದುಕು ಈಗ ಒಂದು ಚಿಟಿಕೆ ಕುಂಕುಮದ ಮೇಲೆ ನಿಂತಿತು. ಅವತ್ತೇ ಸಂಜೆ ‘ಅಖಿಲ ಭಾರತ ಯಂತ್ರತಂತ್ರಜ್ಞರ ಸಂಘ’ಕ್ಕೆ ಮೊಬೈಲಿನಲ್ಲೇ ಅರ್ಜಿ ಹಾಕಿದ.

ಮೂರು ವಾರಕ್ಕೆ ಅಂಚೆಯಲ್ಲಿ ಸರ್ಟಿಫಿಕೇಟ್ ಬಂತು. ಸುತ್ತ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಕೆಂಪು ಮೊಹರು, ಅದರ ಪಕ್ಕ ಯಾರಿಗೂ ಓದಲಾಗದ ಒಂದು ಸಹಿ. ಓದಲಾಗದ್ದರಿಂದ ಅದು ಬಹಳ ದೊಡ್ಡವರದೇ ಇರಬೇಕೆಂದು ಮನೆಯವರು ತೀರ್ಮಾನಿಸಿದರು. ತಾಯಿ ಗಿರಿಜಾಂಬ ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದರು. ವಿಭೂತಿ ಬಿದ್ದದ್ದು ನೇರವಾಗಿ ‘ಸಹಸದಸ್ಯ’ ಎಂಬ ಪದದ ಮೇಲೆ. ‘ಸಹ’ ಮುಚ್ಚಿಹೋಗಿ ‘ಸದಸ್ಯ’ ಮಾತ್ರ ಉಳಿಯಿತು. ಯಾರೂ ಒರೆಸಲು ಹೋಗಲಿಲ್ಲ, ಹಾಗೆಯೇ ಕಟ್ಟು ಹಾಕಿಸಿದರು.

ಕಾಲೇಜಿನ ಸಹಪಾಠಿ ಹೇಮಶ್ರೀ ಆ ವಾರ ರಾಮನಗರದಿಂದ ಫೋನ್ ಮಾಡಿದಳು. “ಲೋ ರುದ್ರ, ನಾನೂ ಅದೇ ಸಂಘಕ್ಕೆ ಸೇರ್ಕೊಂಡಿವ್ನಿ ಕಣೋ. ಇಲ್ಲಿ ತಿಂಗಳಿಗೊಂದು ಸಭೆ ಐತಂತೆ. ಫ್ಯಾಕ್ಟ್ರಿಯೋರೆಲ್ಲ ಬಂದು ಮಿಷಿನ್ ವಿಷ್ಯ ಮಾತಾಡ್ತಾರಂತೆ. ಬತ್ತೀಯಾ?”

“ಸರ್ಟಿಫಿಕೇಟೇ ಬಂದೈತಲ್ಲ,” ಎಂದ ರುದ್ರಪ್ರಸಾದ್. “ಇನ್ ಸಭೆ ಯಾಕೆ?”

ಹೇಮಶ್ರೀ ಫೋನಿಟ್ಟಳು. ವಾದದಲ್ಲಿ ಗೆದ್ದೆನೆಂದು ರುದ್ರಪ್ರಸಾದ್ ಊಟಕ್ಕೆ ಎದ್ದ.

ಇಲ್ಲಿಗೆ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ರುದ್ರಪ್ರಸಾದನ ಬಾಲ್ಯದ ಗೆಳೆಯ ಉದಯಶಂಕರ್ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡಿದ್ದ. ನಮ್ಮ ಕಡೆ ಯಾರಿಗೆ ಏನೇ ಒಳ್ಳೆಯದಾದರೂ ಫ್ಲೆಕ್ಸ್ ಏಳಬೇಕು. ಡೇರಿಗೆ ಡೈರೆಕ್ಟರ್ ಆದರೂ ಫ್ಲೆಕ್ಸ್, ಬೋರ್‌ವೆಲ್ಲಿನಲ್ಲಿ ನೀರು ಬಂದರೂ ಫ್ಲೆಕ್ಸ್, ಮಗುವಿಗೆ ಮೊದಲ ಹುಟ್ಟುಹಬ್ಬವಾದರೆ ಮಗುವಿಗೇ ಕನ್ನಡಕ ಹಾಕಿಸಿ ಫ್ಲೆಕ್ಸ್. ಫ್ಲೆಕ್ಸ್ ಇಲ್ಲದ ಸಾಧನೆಯನ್ನು ಕಟ್ಟಿಕೊಂಡ ಹೆಂಡತಿಯೂ ನಂಬುವುದಿಲ್ಲ.

ಉದಯಶಂಕರನ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ನಮೂನೆ. ಅದನ್ನು ಹಿಂದಿನ ವಾರ ಯಾರೋ ಮುಖಂಡರೊಬ್ಬರಿಗಾಗಿ ಮಾಡಿದ್ದ. ಮುಖಂಡರ ತಲೆ ತೆಗೆದು ರುದ್ರಪ್ರಸಾದನ ತಲೆ ಕೂರಿಸಿದ. ಮೈ ಅವರದೇ ಉಳಿಯಿತು, ಬಿಳಿ ಅಂಗಿ, ಕಿವಿಗೊತ್ತಿದ ಮೊಬೈಲ್, ಬೆನ್ನ ಹಿಂದೆ ಬಾಯಿ ತೆರೆದ ಸಿಂಹ. ನೋಡಲು ವಾಟ್ಸ್ಯಾಪಿನಲ್ಲಿ ಕಳಿಸಿದ. ರುದ್ರಪ್ರಸಾದ್ ಅದನ್ನು ಅರ್ಧ ಗಂಟೆ ಪರಿಶೀಲಿಸಿ, “ಮುಖ ಒಸಿ ಬೆಳ್ಳಗೆ ಮಾಡ್ಲಾ” ಎಂದ. ಅಕ್ಷರ ಓದಬೇಕೆಂದು ಅವನಿಗೆ ಹೊಳೆಯಲಿಲ್ಲ.

ಮಾರನೆಯ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದಿದ. “ಅಖಿಲ ಭಾರತ ಯಂತ್ರತಂತ್ರಜ್ಞರ ಸಂಘಕ್ಕೆ ಅವಿರೋಧವಾಗಿ ಆಯ್ಕೆಯಾದ ಕಾರ್ಮಿಕರ ಕಣ್ಮಣಿ, ಬಡವರ ಬಂಧು, ದಿಟ್ಟ ಹೋರಾಟಗಾರ ಶ್ರೀ ರುದ್ರಪ್ರಸಾದಣ್ಣನವರಿಗೆ ಹಾರ್ದಿಕ ಅಭಿನಂದನೆಗಳು.” ಕೆಳಗೆ ಶುಭಕೋರುವವರ ಸಾಲಿನಲ್ಲಿ ಅಪ್ಪ, ಸೋದರಮಾವ, ಎದುರು ಮನೆಯ ಪೀರ್ ಸಾಬ್, ಮತ್ತು ಯಾರಿಗೂ ಗುರುತಿಲ್ಲದ ನಾಲ್ಕು ಜನ. ಆ ನಾಲ್ವರು ಹಿಂದಿನ ಮುಖಂಡರ ಕಡೆಯವರು, ಅಳಿಸುವುದು ಮರೆತುಹೋಗಿತ್ತು.

“ಏನ್ಲಾ ಇದು? ಅವಿರೋಧ ಅಂತ ಹಾಕ್ಬುಟ್ಟಿದ್ದೀಯ!”

“ನೀನ್ ಸೇರ್ವಾಗ ಯಾರಾರ ವಿರೋಧ ಮಾಡಿದ್ರಾ?” ಎಂದ ಉದಯಶಂಕರ್.

“ಇಲ್ಲ.”

“ಮತ್ತೆ? ಸುಳ್ಳೇನ್ ಐತ್ಲಾ ಇದ್ರಲ್ಲಿ? ಬಿಡದಿಯಲ್ಲೂ ಒಂದು ಕಟ್ಸಿವ್ನಿ, ತಟ್ಟೆ ಇಡ್ಲಿ ಹೋಟ್ಲು ಮುಂದೆ. ನಿಂಗೆ ಕೆಲ್ಸ ಸಿಗ್ಬೇಕಾಗಿರೋದು ಅಲ್ಲೇ ತಾನೆ?”

ಈ ತರ್ಕಕ್ಕೆ ರುದ್ರಪ್ರಸಾದನ ಓದಿನಲ್ಲಿ ಯಾವ ಸೂತ್ರವೂ ಇರಲಿಲ್ಲ. ನಿಜ ಹೇಳಬೇಕೆಂದರೆ ಫ್ಲೆಕ್ಸ್ ಅವನಿಗೆ ಹಿಡಿಸಿತ್ತು. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದರ ಮುಂದೆ ನಿಂತು ತನ್ನದೇ ಫೋಟೋ ತೆಗೆದುಕೊಂಡ.

ಎರಡು ದಿನಕ್ಕೆ ಚಿಕ್ಕಲಕ್ಷ್ಮಮ್ಮ ಬಾಗಿಲಿಗೆ ಬಂದರು. ಹೋದ ವಾರದವರೆಗೂ ಇವನನ್ನು ‘ಪರಸಾದು’ ಎನ್ನುತ್ತಿದ್ದವರು ಈಗ ಸೆರಗು ಸರಿಮಾಡಿಕೊಂಡು, “ಏನಪ್ಪಾ, ಒಸಿ ಪುರುಸೊತ್ತು ಐತಾ ತಮ್ಗೆ?” ಎಂದರು. ಅವರ ಮನೆ ಮುಂದಿನ ಚರಂಡಿ ಕಟ್ಟಿಕೊಂಡು ಮೂರು ತಿಂಗಳಾಗಿತ್ತಂತೆ.

“ನಾನು ಮೆಕ್ಯಾನಿಕಲ್ಲು ಚಿಕ್ಕಮ್ಮ, ಚರಂಡಿ ಸಿವಿಲ್‌ನೋರ್ದು.”

“ಬಡವರ ಬಂಧು ಅಂತ ಬರ್ಸ್ಕೊಂಡಿದ್ದೀಯಲ್ಲಪ್ಪ. ಅದ್ರಾಗೆ ಸಿವಿಲ್ಲು ಅಂತ ಬೇರೆ ಇದ್ದದಾ?”

ಅಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು. ಊರಿನ ಬೀದಿ, ಚರಂಡಿ, ಬೋರ್ಡು ಎಲ್ಲ ನೋಡಿಕೊಳ್ಳುವ ಅಧಿಕಾರಿ ನಟರಾಜು ಅವತ್ತು ಗಾಡಿ ತಂದು ಅನುಮತಿಯಿಲ್ಲದ ಫ್ಲೆಕ್ಸ್‌ಗಳನ್ನು ಕೀಳಿಸುತ್ತಿದ್ದರು. ಇವನದರ ಒಂದು ಮೂಲೆ ಕಿತ್ತ ಮೇಲೆ ‘ದಿಟ್ಟ ಹೋರಾಟಗಾರ’ ಎಂಬುದು ಕಣ್ಣಿಗೆ ಬಿದ್ದು, ಕೆಳಗಿದ್ದ ನಂಬರಿಗೆ ಫೋನ್ ಮಾಡಿದ್ದರು.

“ಅಣ್ಣಾ, ತಮ್ದು ಅಂತ ಗೊತ್ತಾಗ್ಲಿಲ್ಲ. ಒಂದು ಮೂಲೆ ಹರಿದೋಗ್ಬುಡ್ತು. ಹೊಲಿಸಿ ಕಟ್ಟುಸ್ತೀನಿ, ಮನ್ಸಿಗೆ ಹಚ್ಕೋಬೇಡಿ.”

ಎದುರಿಗೆ ಚಿಕ್ಕಲಕ್ಷ್ಮಮ್ಮ ಕಣ್ಣು ಮಿಟುಕಿಸದೆ ನಿಂತಿದ್ದರು. “ಪರವಾಗಿಲ್ಲ... ಇಲ್ಲಿ... ಚರಂಡಿ...” ಎಂದು ರುದ್ರಪ್ರಸಾದ್ ತೊದಲಿದ.

“ಅರ್ಥ ಆಯ್ತು ಬುಡಿಯಣ್ಣ, ಅರ್ಥ ಆಯ್ತು!” ಎಂದು ಆ ಕಡೆ ಫೋನ್ ಕಟ್ಟಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಬೀದಿಯ ಚರಂಡಿ ತೊಳೆದ ಹಿತ್ತಾಳೆ ಚೊಂಬಿನಂತೆ ಹೊಳೆಯುತ್ತಿತ್ತು.

ಅಲ್ಲಿಗೆ ಊರಿಗೆ ಇದ್ದಬದ್ದ ಅನುಮಾನವೂ ಹೋಯಿತು. ಕರೆಂಟು ಕಂಬ ಬಾಗಿದವರು ಬಂದರು, ರೇಷನ್ ಕಾರ್ಡಿನಲ್ಲಿ ಮಗಳ ಹೆಸರು ಸೇರದವರು ಬಂದರು, ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಿಂದ ಸೋದರಮಾವ ಬಸ್ಸಿನಲ್ಲಿ ಬಂದು, ಆನೆ ಬಂದು ಹೊಲ ತುಳಿಯುತ್ತಿರುವ ವಿಷಯವನ್ನು ‘ಮೇಲಿನವರ ಕಿವಿಗೆ’ ಹಾಕಬೇಕೆಂದು ಕೇಳಿದರು. ಆನೆಗೂ ಯಂತ್ರತಂತ್ರಜ್ಞರಿಗೂ ಇರುವ ಸಂಬಂಧವನ್ನು ರುದ್ರಪ್ರಸಾದ್ ಕೇಳಲಿಲ್ಲ. “ನೋಡ್ತೀನಿ ಮಾವ” ಎಂದ. ಗಿರಿಜಾಂಬನವರಿಗೆ ಕಾಫಿ ಸೋಸಿ ಸೋಸಿ ಕೈ ಸೋತುಹೋಯಿತು.

ಆ ಸಂಭ್ರಮದ ನಡುವೆಯೇ ಪೀರ್ ಸಾಬ್ ಕರೆಯಲು ಬಂದರು. ಎದುರು ಮನೆಯ ಹಿಂಭಾಗದಲ್ಲಿ ಅವರ ಗೊಂಬೆ ಕಾರ್ಖಾನೆ, ನಲವತ್ತು ವರ್ಷದಿಂದ ಲೇತ್ ಮೇಲೆ ಮರ ಕಡೆದು ಅರಗಿನ ಬಣ್ಣ ಹಾಕುವವರು. ಚಿಕ್ಕಂದಿನಲ್ಲಿ ರುದ್ರಪ್ರಸಾದನ ಕಿವಿ ಹಿಂಡಿದ್ದವರು ಈಗ, “ಪ್ರಸಾದ್ ಸಾಬ್, ಒಂದ್ ಸಲ ಬಂದು ನಮ್ ಲೇತ್ ನೋಡಿ. ಯಾಕೋ ಜಾಸ್ತಿ ನಡುಗ್ತಾ ಐತೆ. ನೀವು ಅದ್ರಾಗೆ ದಿಲ್ಲಿಗಂಟ ಹೋದೋರು” ಎಂದರು.

ಬೇರೆ ಯಾವ ಕೆಲಸಕ್ಕಾದರೂ ಫೋನ್ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಇದು ಅವನದೇ ವಿಷಯ. ಲೇತ್ ಮುಂದೆ ನಿಂತು ರುದ್ರಪ್ರಸಾದ್ ಕೈ ಹಿಂದೆ ಕಟ್ಟಿಕೊಂಡ. ಕಂಪನದ ಮೂರು ಕಾರಣಗಳು ಪುಸ್ತಕದ ಯಾವ ಪುಟದಲ್ಲಿದ್ದವು ಎಂಬುದು ನೆನಪಿಗೆ ಬಂತು. ಕಾರಣಗಳು ಬರಲಿಲ್ಲ. ಸುಮ್ಮನೆ ನಿಲ್ಲುವುದು ಸಂಘಕ್ಕೆ ಶೋಭೆಯಲ್ಲವೆಂದು, ಕೈಗೆ ಸಿಕ್ಕ ಒಂದು ಹಿಡಿಯನ್ನು ಎಡಕ್ಕೆ ತಿರುಗಿಸಿದ.

ತಿರುಗುತ್ತಿದ್ದ ರಾಜನ ಗೊಂಬೆಯ ತಲೆ ಹಿಡಿತ ಬಿಟ್ಟು ಹಾರಿತು. ಪೀರ್ ಸಾಬರ ಕಿವಿಯ ಪಕ್ಕ ಹಾದು, ಕಿಟಕಿ ದಾಟಿ, ಅಡುಗೆಮನೆಯಲ್ಲಿ ಅವರ ಹೆಂಡತಿ ನೂರ್ಜಹಾನ್ ಒಗ್ಗರಣೆ ಹಾಕುತ್ತಿದ್ದ ಬೇಳೆಯೊಳಗೆ ಹೋಗಿ ಬಿತ್ತು.

“ಯಾ ಅಲ್ಲಾ! ಬೇಳೆಗೆ ಕಿರೀಟ ಬಂತು!” ಎಂದು ಒಳಗಿನಿಂದ ಕೂಗು ಕೇಳಿಸಿತು.

ಪೀರ್ ಸಾಬ್ ಮೆಲ್ಲಗೆ ಬಂದು ರುದ್ರಪ್ರಸಾದನ ಕೈಯನ್ನು ಬಹಳ ಮರ್ಯಾದೆಯಿಂದ ಹಿಡಿಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟರು. “ನೀವು ನಿಂತ್ಕೊಳ್ಳಿ ಸಾಬ್. ಮುಟ್ಬೇಡಿ.” ಹರಿದ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಲೇತಿನ ಕಾಲಡಿ ಸಿಕ್ಕಿಸಿದರು. ನಡುಕ ನಿಂತಿತು. “ನೀವ್ ಬಂದ್ ಹೊತ್ತಿಗೆ ನಂಗೆ ಹೊಳೀತು ನೋಡಿ,” ಎಂದು ಕೀರ್ತಿಯನ್ನೂ ಇವನಿಗೇ ಕೊಟ್ಟು ಕಳಿಸಿದರು. ರುದ್ರಪ್ರಸಾದನಿಗೆ ಅವತ್ತು ಊಟ ಸೇರಲಿಲ್ಲ.

ಆಯುಧಪೂಜೆಗೆ ಹದಿನೈದು ದಿನವಿರುವಾಗ ಬಿಡದಿಯ ಕಾರಿನ ಬಿಡಿಭಾಗದ ಫ್ಯಾಕ್ಟರಿಯೊಂದರಿಂದ ಟ್ರೈನಿ ಇಂಜಿನಿಯರ್ ಹುದ್ದೆಗೆ ಕರೆ ಬಂತು. ಎರಡು ಹುದ್ದೆ, ಇಪ್ಪತ್ತು ಜನ. ಸಾಲಿನಲ್ಲಿ ಹೇಮಶ್ರೀಯೂ ಇದ್ದಳು. ಅವಳು ಒಳಗೆ ಹೋಗಿ ನಗುನಗುತ್ತಾ ಹೊರಬಂದ ಮೇಲೆ ಇವನ ಸರದಿ.

ಒಳಗೆ ಇಬ್ಬರಿದ್ದರು. ಒಬ್ಬರು ಆಫ್ತಾಬ್, ಉತ್ಪಾದನೆಯ ಮುಖ್ಯಸ್ಥರು, ಅಂಗಿಯ ತೋಳಿನಲ್ಲಿ ಎಣ್ಣೆ ಕಲೆ. ಇನ್ನೊಬ್ಬ ಚೈತನ್ಯ, ನೇಮಕಾತಿ ನೋಡಿಕೊಳ್ಳುವವನು. ಅವನ ಅಂಗಿಯಲ್ಲಿ ಯಾವ ಕಲೆಯೂ ಇರಲಿಲ್ಲ.

“ಸಂಘದ ಸದಸ್ಯರಾ? ನಾನೂ ಇಪ್ಪತ್ತೆರಡು ವರ್ಷದಿಂದ ಇದ್ದೀನಿ,” ಎಂದ ಆಫ್ತಾಬರ ಮುಖ ಅರಳಿತು. “ರಾಮನಗರದ ತಿಂಗಳ ಸಭೆ ನಡೆಸೋನು ನಾನೇ. ನಿಮ್ಮನ್ನ ನೋಡಿದ ಹಾಗಿಲ್ಲವಲ್ಲ? ಹೇಮಶ್ರೀ ಒಂದು ಸಭೆಯನ್ನೂ ತಪ್ಪಿಸಿಲ್ಲ. ಹೋದ ಸಲ ನಾನೇ ತಬ್ಬಿಬ್ಬಾಗೋ ಹಾಗೆ ಪ್ರಶ್ನೆ ಕೇಳಿದಳು.”

ರುದ್ರಪ್ರಸಾದನಿಗೆ ಸಭೆ ಯಾಕೆ ಎಂದು ತಾನು ಕೇಳಿ ಗೆದ್ದ ವಾದ ನೆನಪಾಯಿತು.

“ಹೋಗಲಿ. ಲೇತ್ ನಡುಗ್ತಾ ಇದೆ. ಮೊದಲು ಏನು ಮಾಡ್ತೀರಿ?”

“ದೂರ ನಿಂತ್ಕೋತೀನಿ ಸರ್,” ಎಂದ. ಅವನ ಜೀವನದಲ್ಲಿ ಅನುಭವದಿಂದ ಹೇಳಿದ ಏಕೈಕ ತಾಂತ್ರಿಕ ಉತ್ತರ ಅದು. ಅದಾದ ಮೇಲೆ, “ಆಮೇಲೆ ಸೈಕಲ್ ಟ್ಯೂಬು...” ಎನ್ನುವಷ್ಟರಲ್ಲಿ ಆಫ್ತಾಬ್ ಪೆನ್ನು ಕೆಳಗಿಟ್ಟಾಗಿತ್ತು.

ಆಗ ಚೈತನ್ಯ ಮೊಬೈಲ್ ಮುಂದೆ ಹಿಡಿದ. ತಟ್ಟೆ ಇಡ್ಲಿ ಹೋಟೆಲಿನ ಮುಂದಿನ ಫ್ಲೆಕ್ಸು, ಸಿಂಹದ ಸಮೇತ. “ಇದು ನೀವೇ ಅಲ್ವಾ? ‘ಕಾರ್ಮಿಕರ ಕಣ್ಮಣಿ’?” ಅವನು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡ. “ಸಂಘದಲ್ಲಿ ಎಷ್ಟು ಜನ ಇದ್ದಾರೆ?”

“ದೇಶದಲ್ಲೆಲ್ಲ ಸೇರಿ ಲಕ್ಷ ದಾಟ್ತಾರೆ ಸರ್.”

ಚೈತನ್ಯ ಎದ್ದು ಹೋಗಿ ಅವನೇ ನೀರು ತಂದುಕೊಟ್ಟ. “ಬೇಡಿಕೆ ಏನಾದರೂ ಇದ್ದರೆ ಗೇಟಿನ ಹೊರಗೆ ಬೇಡ ಸರ್, ಇಲ್ಲೇ ಕೂತು ಮಾತಾಡೋಣ.”

“ಒಂದೇ ಬೇಡಿಕೆ ಸರ್. ಆಯುಧಪೂಜೆ ಒಳಗೆ ನನಗೊಂದು ಮಿಷಿನ್ ಬೇಕು.”

ಆಫ್ತಾಬ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಅಯ್ಯೋ ಚೈತನ್ಯ, ಇದು ಮುಷ್ಕರ ಮಾಡೋ ಸಂಘ ಅಲ್ಲಪ್ಪ. ನಾವು ತಿಂಗಳಿಗೊಂದು ಸಲ ಸೇರಿ, ಬೇರಿಂಗು ಯಾಕೆ ಸವೆಯುತ್ತೆ ಅಂತ ಮಾತಾಡಿ, ಒಂದು ಬೋಂಡ ತಿಂದು ಮನೆಗೆ ಹೋಗೋರು. ಈ ಹುಡುಗ ಅಲ್ಲಿ ಬೋಂಡಕ್ಕೂ ಬಂದಿಲ್ಲ.”

ರುದ್ರಪ್ರಸಾದ್ ತಲೆ ತಗ್ಗಿಸಿ ಫ್ಲೆಕ್ಸಿನ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟ. ಉದಯಶಂಕರ್, ಹಿಂದಿನ ಮುಖಂಡರ ಮೈ, ನಟರಾಜು, ಚರಂಡಿ, ಆನೆ, ಏನನ್ನೂ ಬಿಡಲಿಲ್ಲ. ಇನ್ನು ಬೂಸಾ ಅಂಗಡಿಯೇ ಗತಿ ಎಂದುಕೊಂಡು ಏಳಲು ಹೊರಟ.

“ಒಂದ್ನಿಮಿಷ,” ಎಂದ ಚೈತನ್ಯ. ಅವನ ಹೆದರಿಕೆ ಇಳಿದು ಆ ಜಾಗದಲ್ಲಿ ಬೇರೇನೋ ಬಂದಿತ್ತು. “ಒಂದು ಫೋನಿಗೆ ಚರಂಡಿ ಕ್ಲೀನಾಯ್ತಾ?”

“ಫೋನೂ ಅವರೇ ಮಾಡಿದ್ದು ಸರ್.”

“ಆಫ್ತಾಬ್ ಸರ್, ಇಂಜಿನಿಯರುಗಳು ಗೇಟಿನ ಹೊರಗೆ ಸಾಲು ನಿಂತಿದ್ದಾರೆ. ಇಂಥವರು ಎಲ್ಲಿ ಸಿಗ್ತಾರೆ?”

“ಫ್ಲೆಕ್ಸ್ ಸುಳ್ಳು ಅಂತ ಅವನೇ ಹೇಳ್ತಿದ್ದಾನಲ್ಲಯ್ಯ!”

“ಸುಳ್ಳು ಅಂತ ಗೊತ್ತಿರೋದು ನಮ್ಮ ಮೂರು ಜನಕ್ಕೆ. ಊರಿಗೆ ಗೊತ್ತಿಲ್ಲವಲ್ಲ.”

ಟ್ರೈನಿ ಇಂಜಿನಿಯರ್ ಹುದ್ದೆಯೊಂದು ಹೇಮಶ್ರೀಗೆ ಹೋಯಿತು, ಇನ್ನೊಂದು ಮಾಗಡಿಯ ಹುಡುಗನಿಗೆ. ರುದ್ರಪ್ರಸಾದನಿಗೆಂದೇ ‘ಸ್ಥಳೀಯ ಸಂಪರ್ಕಾಧಿಕಾರಿ’ ಎಂಬ ಹೊಸ ಹುದ್ದೆ ಹುಟ್ಟಿತು. ಬೇರೆ ಕೋಣೆ, ತಿರುಗುವ ಕುರ್ಚಿ, ಇಂಜಿನಿಯರಿಗಿಂತ ಹೆಚ್ಚು ಸಂಬಳ. ಯಂತ್ರಗಳಿದ್ದ ಶೆಡ್ಡಿಗೆ ಹೋಗಲು ಬೇಕಾದ ಗುರುತಿನ ಚೀಟಿ ಮಾತ್ರ ಅವನಿಗೆ ಕೊಡಲಿಲ್ಲ, ಅವನ ಕೆಲಸಕ್ಕೆ ಅದರ ಅಗತ್ಯವಿರಲಿಲ್ಲ.

ಆಯುಧಪೂಜೆ ಬಂತು. ಫ್ಯಾಕ್ಟರಿಗೆ ಬೂದುಗುಂಬಳ, ಬಾಳೆಕಂದು, ಕಡ್ಲೆಪುರಿ ತರಿಸುವ ಜವಾಬ್ದಾರಿ ಸಂಪರ್ಕಾಧಿಕಾರಿಯದೇ. ತರಿಸಿದ. ಅವತ್ತು ಎಲ್ಲರಿಗೂ ಶೆಡ್ಡಿನ ಬಾಗಿಲು ತೆರೆದಿತ್ತು. ಒಬ್ಬೊಬ್ಬರೂ ತಂತಮ್ಮ ಯಂತ್ರ ಒರೆಸಿ, ಹೂ ಮುಡಿಸಿ, ಕುಂಕುಮ ಇಡುತ್ತಿದ್ದರು. ಹೇಮಶ್ರೀ ತನ್ನದಕ್ಕೆ ಇಟ್ಟು, ಬಟ್ಟಲು ಚಾಚಿ, “ಬಾರೋ ರುದ್ರ, ನೀನೂ ಇಡು” ಎಂದಳು. ಅವನ ಬೆರಳು ಇನ್ನೇನು ಬಟ್ಟಲಿಗೆ ತಾಗಬೇಕು, ಫೋನ್ ಬಂತು. ಗೇಟಿನಲ್ಲಿ ಲಾಡಿನ ಪೊಟ್ಟಣ ಕಡಿಮೆ ಬಿದ್ದು ಇಬ್ಬರು ಕಂಟ್ರಾಕ್ಟರುಗಳು ಕತ್ತಿನ ಪಟ್ಟಿ ಹಿಡಿದುಕೊಂಡಿದ್ದರು. ಓಡಿದ. ಜಗಳ ಬಿಡಿಸಿ ಬರುವಷ್ಟರಲ್ಲಿ ಪೂಜೆ ಮುಗಿದು ಶೆಡ್ಡಿಗೆ ಬೀಗ ಬಿದ್ದಿತ್ತು. ರುದ್ರಪ್ರಸಾದನಿಗೆ ಅಳು ಬಂತು. ಸಂಪರ್ಕಾಧಿಕಾರಿ ಅಳಬಾರದೆಂದು ಕಡ್ಲೆಪುರಿ ತಿಂದ.

ಮಧ್ಯಾಹ್ನದ ರೈಲಿನಲ್ಲಿ ಕೂತಾಗ ಅಪ್ಪನ ಫೋನು. “ಎಲ್ಲೋಯ್ತ್ಲಾ ಫೋಟೋ? ಅಂಗ್ಡೀಲಿ ಹತ್ ಜನ ಕಾಯ್ತಾ ಅವ್ರೆ. ಉದಯಶಂಕರ ಫ್ಲೆಕ್ಸ್‌ಗೆ ಜಾಗ ಬುಟ್ಕೊಂಡು ಕುಂತವ್ನೆ. ನಿನ್ ಮಿಷಿನ್ ಎಷ್ಟ್ ದೊಡ್ಡದ್ಲಾ?”

“ಬತ್ತೀನಿ ಅಪ್ಪ, ಬತ್ತೀನಿ.”

ಸ್ಟೇಷನ್ನಿನಿಂದ ಅವನು ಮನೆಗೆ ಹೋಗಲಿಲ್ಲ. ನೇರವಾಗಿ ಪೀರ್ ಸಾಬರ ಕಾರ್ಖಾನೆಗೆ ಹೋದ. ಅವರ ಕೆಲಸಗಾರರು ಲೇತನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಮನೆಗೆ ಹೋಗಿದ್ದರು. ರುದ್ರಪ್ರಸಾದ್ ಅದರ ಮುಂದೆ ನಿಂತ. ಕಾಲಡಿಯಲ್ಲಿ ಸೈಕಲ್ ಟ್ಯೂಬಿನ ತುಂಡು ಹಾಗೇ ಇತ್ತು.

“ಏನ್ ಸಾಬ್, ದೊಡ್ಡ ಫ್ಯಾಕ್ಟ್ರಿ ಸೇರ್ಕೊಂಡ್ರಂತೆ, ಖುಷಿ ಆಯ್ತು,” ಎಂದರು ಪೀರ್ ಸಾಬ್. “ಯಾವ ಮಿಷಿನ್ ಕೊಟ್ಟವ್ರೆ ನಿಮ್ಗೆ?”

ರುದ್ರಪ್ರಸಾದ್ ಜೇಬಿನಿಂದ ಮೊಬೈಲ್ ತೆಗೆದು ಅವರ ಕೈಗೆ ಕೊಟ್ಟ. ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದ ಕುಂಕುಮದ ಪೊಟ್ಟಣ ಬಿಚ್ಚಿದ. ಅವನ ಕಣ್ಣು ಒದ್ದೆಯಾಗಿತ್ತು.

“ಸಾಬ್ರೇ, ನಿಮ್ ಲೇತ್‌ಗೆ ಒಂದ್ ಬೊಟ್ಟು ಇಡ್ಲಾ? ಒಂದ್ ಫೋಟೋ ತಗೊಳ್ಳಿ.”

ಪೀರ್ ಸಾಬ್ ಅವನ ಮುಖ ನೋಡಿದರು, ಕುಂಕುಮ ನೋಡಿದರು, ಗೋಡೆಯಲ್ಲಿದ್ದ ಸ್ವಿಚ್ಚನ್ನೂ ಒಮ್ಮೆ ನೋಡಿಕೊಂಡರು. ಎಲ್ಲ ಅರ್ಥವಾದವರಂತೆ ತಲೆಯಾಡಿಸಿ ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. ಎಷ್ಟೋ ತಿಂಗಳಾದ ಮೇಲೆ ಮೊದಲ ಸಲ ಅವನನ್ನು ಹಳೆಯ ಹಾಗೆ ಕರೆದರು.

“ನಿಂತ್ಕೋ ಬೇಟಾ, ನಿಂತ್ಕೋ. ದೂರದಿಂದ ಇಡೋ ಹಾಗೆ ಮಾಡು, ಸಾಕು. ಮುಟ್ಬೇಡ.”